ನಿದ್ದೆಗೆ ಕಾಲಂ ಇಲ್ಲ

ಜನವರಿ 6, ಸೋಮವಾರ. ಬೆಳಿಗ್ಗೆ 4.20

ನಿದ್ದೆ 3 ತಾಸು 40 ನಿಮಿಷ. ನಾಡಿ 58.

ಬೂಟು ಹಾಕಿಕೊಂಡಾಗಿದೆ. ಚಹಾ ಕುದಿಯುವತನಕ ನಾಲ್ಕು ಸಾಲು. ಕೋಚ್ ಭರಮಪ್ಪ ಸರ್ ಕೊಟ್ಟ ನೋಟ್‌ಬುಕ್ಕಿನಲ್ಲಿ ಕಿಲೋಮೀಟರು, ಟೈಮು, ಬೆಳಗಿನ ನಾಡಿ — ಮೂರೇ ಕಾಲಂ. ಭಾನುವಾರಕ್ಕೊಮ್ಮೆ ನೋಡಿ ಸಹಿ ಹಾಕುತ್ತಾರೆ. ನಿದ್ದೆಗೆ ಕಾಲಂ ಇಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾಕೆ ಅಂತ ಗೊತ್ತಿಲ್ಲ. ಎಲ್ಲಾದರೂ ಒಂದು ಕಡೆ ಇರಲಿ.

ಈ ವಾರ ತ್ರೀಫೇಸ್ ಕರೆಂಟು ರಾತ್ರಿ ಪಾಳಿ. ನವರಾತ್ರಿಯಲ್ಲಿ ಅಪ್ಪ ಬೈಕಿನಿಂದ ಬಿದ್ದು ತೊಡೆಗೆ ರಾಡ್ ಹಾಕಿಸಿಕೊಂಡು ಮಲಗಿದಾಗಿನಿಂದ ಕಬ್ಬಿಗೆ ನೀರು ಹಾಯಿಸುವವರು ನಾನು ಮತ್ತು ಅವ್ವ. ನಿನ್ನೆ ಮನೆಗೆ ಬಂದು ಮೈ ಚೆಲ್ಲಿದಾಗ ಹನ್ನೆರಡೂವರೆ. ಆಮೇಲೆ ಅಲಾರಾಂ.

ಸರ್ ಮುಂದೆ ಒಮ್ಮೆ ನಿದ್ದೆಯ ಮಾತು ತೆಗೆದಿದ್ದೆ. "ಸತ್ತ ಮ್ಯಾಲ ಬೇಕಾದಷ್ಟ ಮಲಗೂದೈತಿ. ಈಗ ಪೆಡಲ್ ತುಳಿ" ಅಂದರು. ಇಪ್ಪತ್ತು ವರ್ಷ ಮಿಲಿಟರಿಯಲ್ಲಿ ಇದ್ದವರು. ಅವರಿಗೆ ಗೊತ್ತಿರುತ್ತದೆ.

ಮಾರ್ಚ್ 2ಕ್ಕೆ ಸ್ಟೇಟ್ ಟ್ರಯಲ್, ಸೈಕಲ್ ರೇಸಿನ ರಾಜ್ಯ ತಂಡಕ್ಕೆ ಆಯ್ಕೆ. ಇಪ್ಪತ್ತು ಕಿಲೋಮೀಟರು. ಐವತ್ತೈದು ದಿನ.

ಚಹಾ ಉಕ್ಕಿತು.


ಜನವರಿ 12, ಭಾನುವಾರ. ಮಧ್ಯಾಹ್ನ

ನಿದ್ದೆ 4 ತಾಸು. ನಾಡಿ 61.

ಇವತ್ತು ಬೈಲಹೊಂಗಲ–ಕಿತ್ತೂರು ರಸ್ತೆಯಲ್ಲಿ ಟೈಮ್ ತೆಗೆದರು. 34 ನಿಮಿಷ 10 ಸೆಕೆಂಡು. ನವೆಂಬರಿನಲ್ಲಿ ಇದೇ ರಸ್ತೆ, ಇದೇ ಸೈಕಲ್ಲು — 32.48.

ತುಳಿಯುತ್ತಿದ್ದೇನೆ, ಆದರೆ ಕಾಲು ನನ್ನವಲ್ಲ. ಒದ್ದೆ ಗೋಣಿಚೀಲ ಕಟ್ಟಿಕೊಂಡ ಹಾಗೆ. ಸರ್ ಸ್ಟಾಪ್‌ವಾಚ್ ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮೈ ಭಾರ ಆಗೇತಿ ನಿಂದು. ರಾತ್ರಿ ಅನ್ನ ಬಿಡು. ಇನ್ನ ಎರಡ ಕೇಜಿ ಇಳಸು."

ನನ್ನ ತೂಕ ಈಗಲೇ ನಲವತ್ತಮೂರು.

ಚಕ್ರ ಸರಿ ಮಾಡಿಸಲು ಬೈಲಹೊಂಗಲದ ನಜೀರಸಾಬ್ ಚಾಚಾನ ಸೈಕಲ್ ಅಂಗಡಿಗೆ ಹೋದೆ. ಏಳನೇ ಕ್ಲಾಸಿನಲ್ಲಿ ಮೂರು ಹಳೆ ಸೈಕಲ್ಲುಗಳ ಸಾಮಾನು ಕೂಡಿಸಿ ನನಗೆ ಮೊದಲ ರೇಸ್ ಸೈಕಲ್ಲು ಕಟ್ಟಿಕೊಟ್ಟವರು ಅವರೇ. ಅವರ ಮಗ ಫೈಜಾನ್ ಗುಡ್ಡದ ಪ್ರಾಕ್ಟೀಸಿನ ದಿನ ಸ್ಕೂಟರಿನಲ್ಲಿ ಸ್ಪೇರ್ ಚಕ್ರ ಇಟ್ಟುಕೊಂಡು ನನ್ನ ಹಿಂದೆ ಬರುತ್ತಾನೆ. ಸರ್ ಹಚ್ಚಿದ ಕೆಲಸ. ಮಾತು ಕಡಿಮೆ, ಕೈ ಚುರುಕು.

ಚಾಚಾ ನನ್ನ ಮುಖ ನೋಡಿ, "ಜ್ವರ ಬಂದಾವೇನವ್ವಾ?" ಅಂದರು. ಇಲ್ಲ ಅಂದೆ.

ಇನ್ನೊಂದು. ಇದನ್ನೂ ಇಲ್ಲೇ ಬರೆಯಬೇಕು, ಬೇರೆ ಎಲ್ಲಿ ಬರೆಯಲಿ. ದೀಪಾವಳಿ ಪಾಡ್ಯಕ್ಕೆ ಮುಟ್ಟಾಗಿದ್ದು. ಆಮೇಲೆ ಇಲ್ಲ.


ಜನವರಿ 21, ಮಂಗಳವಾರ. ಬೆಳಿಗ್ಗೆ 9

ನಿದ್ದೆ 3.30. ನಾಡಿ 63.

ಯರಗಟ್ಟಿ ರಸ್ತೆ. ಮುಂದೆ ಕಬ್ಬಿನ ಟ್ರ್ಯಾಕ್ಟರು, ಎರಡು ಟ್ರಾಲಿ, ಹಿಂದೆ ಲೈಟಿಲ್ಲ. ನೂರು ಮೀಟರಾದರೂ ದೂರ ಇತ್ತು. ಅದು ನೆನಪಿದೆ.

ಆಮೇಲೆ ಕಬ್ಬಿನ ತುದಿ ನನ್ನ ಮುಖದ ಹತ್ತಿರ.

ನಡುವೆ ಏನೂ ಇಲ್ಲ. ಕಣ್ಣು ಮುಚ್ಚಿದ್ದು ಗೊತ್ತಿಲ್ಲ, ತೆಗೆದದ್ದು ಗೊತ್ತಿಲ್ಲ. ಕಾಲು ತುಳಿಯುತ್ತಲೇ ಇತ್ತು. ನಾನು ಇರಲಿಲ್ಲ. ಬ್ರೇಕ್ ಹಿಡಿದೆ, ರಸ್ತೆಯಿಂದ ಇಳಿದೆ, ನಿಂತೆ.

ಎಷ್ಟು ಸೆಕೆಂಡು? ಆರು? ಎಂಟು?

ಯಾರಿಗೂ ಹೇಳುವುದಿಲ್ಲ. ಹೇಳಿದರೆ ಸೈಕಲ್ಲು ಬಿಡಿಸುತ್ತಾರೆ.


ಜನವರಿ 22

ಇವತ್ತೂ. ಸಣ್ಣದು. ಕಾಲೇಜಿನ ಬಸ್ಸಿನಲ್ಲಿ, ನಿಂತುಕೊಂಡೇ. ಬಸ್ಸಿನಲ್ಲಿ ಪರವಾಗಿಲ್ಲ.


ಫೆಬ್ರವರಿ 4, ಮಂಗಳವಾರ. ಸಂಜೆ

ಬಲಗೈ ಬಾತುಕೊಂಡಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಸವದತ್ತಿ ಗುಡ್ಡ. ಹತ್ತುವುದು ಮೂರು ಸಲ, ಇಳಿಯುವುದು ಮೂರು ಸಲ. ಎರಡನೇ ಇಳಿಜಾರು. ಬಿಸಿಲು ಆಗಷ್ಟೇ ಬಿದ್ದಿತ್ತು, ಬೆನ್ನಿಗೆ ಹಿತವಾಗಿತ್ತು. ಹಿತ ಅನ್ನಿಸಿದ್ದೇ ತಪ್ಪಾಯಿತು. ತಿರುವಿಗೆ ಮೊದಲಿನ ಬೇವಿನ ಗಿಡ ನೆನಪಿದೆ. ತಿರುವು ನೆನಪಿಲ್ಲ.

ಎಚ್ಚರಾದಾಗ ಬಾಯಿಯಲ್ಲಿ ಮಣ್ಣು. ಸೈಕಲ್ಲು ಆಚೆ, ನಾನು ಈಚೆ. ಎರಡು ಮಾರು ದೂರದಲ್ಲಿ ಕಲ್ಲಿನ ಕಂಬ. ಅದಕ್ಕೆ ಬಡಿದಿದ್ದರೆ...

ಫೈಜಾನ್ ಸ್ಕೂಟರ್ ಕೆಡವಿ ಓಡಿಬಂದ. ನೀರು ಕೊಟ್ಟ.

"ನಾಯಿ ಅಡ್ಡ ಬಂತು" ಅಂದೆ.

"ನಾಯಿ ಎಲ್ಲಿತ್ತ?" ಅಂದ. "ನಾ ಹಿಂದ ಇದ್ನೆಲ್ಲಾ. ನೀ ಹ್ಯಾಂಡಲ್ ತಿರಗಸಲೇ ಇಲ್ಲ. ಕುತ್ತಿಗಿ ಹಿಂಗ ಜೋತಿತ್ತ. ನಿದ್ದಿ ಹತ್ತಿತ್ತ ನಿನಗ."

ಬಾಯಿ ಮುಕ್ಕಳಿಸಿ ಮಣ್ಣು ಉಗುಳಿದೆ.

"ಸರ್‌ಗೆ ಹೇಳು."

"ಹೇಳಬ್ಯಾಡ. ಟ್ರಯಲ್ ಹೋಗತೈತಿ."

"ಜೀವ ಹೋಗತೈತಿ ಅನ್ನಪೂರ್ಣಾ."

ಅಂಗಿ ಹರಿದಿತ್ತು. ಅವನ ಜಾಕೆಟ್ ಕೊಟ್ಟ. ಸೈಕಲ್ಲನ್ನು ಚಹಾದಂಗಡಿಯಲ್ಲಿ ಬಿಟ್ಟು ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಮ್ಮೂರು ಚಚಡಿಗೆ ತಂದುಬಿಟ್ಟ. ಊರ ಮುಂದಿನ ಕಟ್ಟೆಯ ಮೇಲೆ ಜಟ್ಟೆಪ್ಪ ಕಾಕಾ ಇದ್ದ — ಅಪ್ಪನ ತಮ್ಮ. ಮೊದಲು ಜಾಕೆಟ್ ನೋಡಿದ. ಆಮೇಲೆ ಸ್ಕೂಟರ್ ನೋಡಿದ. ನನ್ನ ಕೈಯಿಂದ ರಕ್ತ ಸುರಿಯುತ್ತಿದ್ದದ್ದನ್ನು ಕಡೆಗೆ ನೋಡಿದ.




ಫೆಬ್ರವರಿ 5, ಬುಧವಾರ

ಬೆಳಿಗ್ಗೆ ಎದ್ದು ವಾಂತಿ ಮಾಡಿದೆ. ತಲೆ ಸುತ್ತು. ಅವ್ವ ಹಿಂದೆ ನಿಂತಿದ್ದಳು. ಬೆನ್ನು ಸವರಲಿಲ್ಲ.

ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಕಡಿಗಾಗಿ ಎಷ್ಟ ದಿನಾ ಆತು?"

ಮುಟ್ಟಿನ ಮಾತನ್ನು ಅವ್ವ ಎಂದೂ ಇಷ್ಟು ನೇರವಾಗಿ ಕೇಳಿಲ್ಲ.

"ದೀಪಾವಳಿಗೆ..."

"ದೀಪಾವಳಿ ಅಂದ್ರ ಮೂರ ತಿಂಗಳಾತು." ಅವಳ ದನಿ ಇಳಿಯಿತು. "ಆ ಸ್ಕೂಟರಿನ ಹುಡುಗ ಏನಾಗಬೇಕು ನಿನಗ?"

ಮೊದಲು ಅರ್ಥವಾಗಲಿಲ್ಲ. ಆದಮೇಲೆ ಅವಳ ಕೈ ಹಿಡಿದುಕೊಂಡೆ.

"ಇಲ್ಲಬೇ ಅವ್ವಾ. ನಿನ್ನ ಮ್ಯಾಲ ಆಣಿ. ಏನೂ ಇಲ್ಲ."

"ಆಣಿ ಹೊಟ್ಟಿಗೆ ಗೊತ್ತಾಗತೈತೇನು?"

ಅವಳು ಅಳಲಿಲ್ಲ. ಅತ್ತಿದ್ದರೆ ಅವಳನ್ನು ತಬ್ಬಿಕೊಳ್ಳುತ್ತಿದ್ದೆ.

ನಾನು ಏನೂ ಮಾಡಿಲ್ಲ. ಮಾಡಿಲ್ಲ ಅಂತ ನನಗೆ ಗೊತ್ತು. ಆದರೂ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನೋಡುತ್ತೇನೆ. ಇದು ಯಾಕೆ ಹೀಗೆ ಮಾಡುತ್ತಿದೆ? ಒಳಗೆ ಏನು ಕೆಟ್ಟಿದೆ?


ಫೆಬ್ರವರಿ 7, ಶುಕ್ರವಾರ

ನಿದ್ದೆ ಇಲ್ಲ. ಒಂದು ತಾಸೂ ಇಲ್ಲ. ಈಗ ನೀರಿನ ಪಾಳಿ ಇಲ್ಲ, ಪ್ರಾಕ್ಟೀಸ್ ಇಲ್ಲ, ಮಲಗು ಅಂದರೂ ಮೈ ಮಲಗುತ್ತಿಲ್ಲ. ನಾಡಿ 71.

ಅವ್ವ ತಡೆಯಲಾರದೆ ತನ್ನ ಅನುಮಾನವನ್ನು ಕಾಕಾನಿಗೆ ಹೇಳಿದ್ದಾಳೆ. ಹೇಳಿದ ಮೇಲೆ ತಾನೇ ಬಂದು ನನ್ನ ಮುಂದೆ ಕುಳಿತಳು. "ತಪ್ಪ ಮಾಡಿದ್ನೇನ, ಅನ್ನೀ" ಅಂದಳು.

ಕಾಕಾ ಏನಂದ ಅಂತ ಕೇಳಿದೆ.

"ನಾ ನೋಡ್ಕೋತೇನಿ ಅಂದಾ."

ಫೈಜಾನನ ಫೋನ್ ಸ್ವಿಚ್ ಆಫ್. ಹನ್ನೊಂದು ಸಲ ಮಾಡಿದೆ. ಅಂಗಡಿಯ ನಂಬರಿಗೆ ಮಾಡಲು ಧೈರ್ಯವಿಲ್ಲ. ಮಾಡಿದರೆ ಅದನ್ನೂ ತಪ್ಪಿನ ಲೆಕ್ಕಕ್ಕೆ ಹಚ್ಚುತ್ತಾರೆ. ಹಿಂದಿನ ವರ್ಷ ಪಕ್ಕದ ಊರಿನಲ್ಲಿ ಹುಡುಗಿಯೊಬ್ಬಳ ಜೊತೆಗಿನ ಬರೇ ಒಂದು ಫೋಟೋಕ್ಕೆ ಒಬ್ಬನನ್ನು ಬಸ್‌ಸ್ಟ್ಯಾಂಡಿನಲ್ಲಿ ಹೊಡೆದಿದ್ದರು. ಅವನ ಕಿವಿ ಇನ್ನೂ ಕೇಳುವುದಿಲ್ಲವಂತೆ.

ನಾಳೆ ಬೈಲಹೊಂಗಲಕ್ಕೆ, ಡಾಕ್ಟರ ಹತ್ತಿರ. ಅವ್ವ ಹೇಳಿದ್ದಾಳೆ, ಅಪ್ಪನಿಗೆ ಗೊತ್ತಾಗಬಾರದು.


ಫೆಬ್ರವರಿ 8, ಶನಿವಾರ. ಸಂಜೆ 6

ಎಲ್ಲ ಬರೆಯಬೇಕು.

ಡಾಕ್ಟರ್ ವಿಜಯಾ ಮೇಡಂ ಅವ್ವನನ್ನು ಹೊರಗೆ ಕೂರಿಸಿದರು. ಬಾಗಿಲು ಹಾಕಿ, "ಖರೇ ಹೇಳು. ನಾ ಯಾರಿಗೂ ಹೇಳೂದಿಲ್ಲ" ಅಂದರು.

"ಏನೂ ಆಗಿಲ್ರಿ ಮೇಡಂ."

"ಆತು, ನಂಬತೇನಿ. ಆದ್ರ ಟೆಸ್ಟ್ ಮಾಡೋಣ. ನನಗ ಅಲ್ಲ, ನಿಮ್ಮ ಅವ್ವಗ ಬೇಕು ಅದು."

ನಂಬತೇನಿ ಅಂದದ್ದಕ್ಕೆ ಅಳು ಬಂತು. ನಾಲ್ಕು ದಿನದಲ್ಲಿ ಯಾರೂ ಆ ಮಾತು ಹೇಳಿರಲಿಲ್ಲ.

ಟೆಸ್ಟ್ ಆಯಿತು. ಸ್ಕ್ಯಾನ್ ಆಯಿತು. ಏನೂ ಇಲ್ಲ. ಆಮೇಲೆ ಕೇಳಿದರು — ಎಷ್ಟಕ್ಕೆ ಏಳುತ್ತೀ, ಎಷ್ಟಕ್ಕೆ ಮಲಗುತ್ತೀ, ಏನು ತಿನ್ನುತ್ತೀ. ಈ ಪುಸ್ತಕ ಚೀಲದಲ್ಲಿತ್ತು. ತೆಗೆದು ನಿದ್ದೆಯ ಸಾಲುಗಳನ್ನಷ್ಟೇ ಓದಿ ಹೇಳಿದೆ. ಮೂರೂ ನಲವತ್ತು. ನಾಲ್ಕು. ಮೂರೂವರೆ. ಅವರು ಪೆನ್ನು ಕೆಳಗಿಟ್ಟರು. ಅವ್ವನನ್ನು ಒಳಗೆ ಕರೆದರು.

"ನಿಮ್ಮ ಮಗಳಿಗೆ ಯಾವ ಕೆಟ್ಟ ಕೆಲಸಾನೂ ಗೊತ್ತಿಲ್ಲ. ಮಲಗೂದೂ ಗೊತ್ತಿಲ್ಲ. ನೋಡ್ರೀ ಅವ್ವಾರ, ಕಸರತ್ತ ಮಾಡಿದಾಗ ಮೈ ಸವೀತದ. ಅದನ್ನ ತಿರುಗಿ ಕಟ್ಟೂದು ಗಾಢ ನಿದ್ದಿಯೊಳಗ. ಬೆಳವಣಿಗಿ ಹಾರ್ಮೋನ್ ಅಂತ ಒಂದ ಅದ, ಅದು ಹೆಚ್ಚಿಗಿ ಬರೂದು ಆವಾಗ. ಈಕಿ ದಿನಾ ಸವಸ್ಯಾಳ, ಕಟ್ಟಾಕ ಟೈಮ್ ಕೊಟ್ಟಿಲ್ಲ. ಹೊಟ್ಟಿಗೂ ಸಾಲದಷ್ಟ. ಹಂಗಾದಾಗ ಮೈ ಅಂಜತದ. ಬರಗಾಲ ಬಿತ್ತು ಅಂತ ತಿಳೀತದ. ಮೊದಲ ಬಂದ್ ಮಾಡೂದು ಮುಟ್ಟು."

"ಮೈ ಅಂಜತೈತ್ರಿ?" ಅಂದಳು ಅವ್ವ.

"ಅಂಜತದ. ಮುಂದ ಎಲುಬೂ ಟೊಳ್ಳ ಆಗ್ತಾವ. ಈಗ ಬಂದೀರಿ, ಚಲೋ ಆತು. ಎರಡ ತಿಂಗಳ ರೇಸ್ ಇಲ್ಲ. ರಾತ್ರಿ ಎಂಟೊಂಬತ್ತ ತಾಸ ನಿದ್ದಿ, ಹೊಟ್ಟಿ ತುಂಬ ಊಟ."

ಎರಡು ತಿಂಗಳು. ಮಾರ್ಚ್ 2 ಹೋಯಿತು. ಆ ಕ್ಷಣ ನನಗೆ ಅದೂ ತಟ್ಟಲಿಲ್ಲ. "ಅವ್ವಾ, ಕಾಕಾ ಎಲ್ಲಿ?" ಅಂದೆ.

ಅವ್ವ ಕುರ್ಚಿಯಿಂದ ಎದ್ದಳು. "ಬೈಲಹೊಂಗಲದಾಗ ಕೆಲಸೈತಿ ಅಂದಿದ್ದ..."

ಮೇಡಂ ಬರೆದುಕೊಟ್ಟ ಚೀಟಿ ಕೈಯಲ್ಲಿ ಹಿಡಿದು ಅವ್ವ ನಡೆದಳು. ನಡೆದಳು ಅಲ್ಲ, ಓಡಿದಳು. ಬಜಾರಿನಲ್ಲಿ ಸೆರಗು ಜಾರಿದರೂ ನೋಡಲಿಲ್ಲ.

ಅಂಗಡಿಯ ಮುಂದೆ ಆಗಲೇ ಮಂದಿ. ಕಾಕಾ, ನಮ್ಮೂರಿನ ಇನ್ನಿಬ್ಬರು. ಒಬ್ಬನ ಕೈಯಲ್ಲಿ ಫೈಜಾನನ ಕಾಲರು. ಅವನ ಜೇಬು ಹರಿದು ಜೋತಿತ್ತು, ತುಟಿ ಒಡೆದಿತ್ತು. ಚಾಚಾ ಗ್ರೀಸಿನ ಕೈ ಜೋಡಿಸಿ ಒಂದೇ ಮಾತು ಅನ್ನುತ್ತಿದ್ದರು — "ಏನಾತು ಅಂತಾದ್ರೂ ಹೇಳ್ರಿ ಯಪ್ಪಾ. ಏನಾತು ಅಂತಾದ್ರೂ ಹೇಳ್ರಿ."

ಅವ್ವ ನಡುವೆ ಹೊಕ್ಕಳು. ಕಾಲರು ಹಿಡಿದ ಕೈಯನ್ನು ಕಿತ್ತಳು. ಕಾಕಾನ ಮುಂದೆ ಚೀಟಿ ಹಿಡಿದಳು.

"ಓದು ಜಟ್ಟೆಪ್ಪ. ನನಗ ಬರೂದಿಲ್ಲ. ಜೋರಲೇ ಓದು."

ಕಾಕಾ ನೋಡಿದ. "ಇಂಗ್ಲೀಷಿನಾಗ ಐತಿ."

"ಹಂಗಾರ ಅಕಿನ ಓದ್ತಾಳ. ಬಾ ಇಲ್ಲಿ, ಓದವಾ."

ಅಷ್ಟು ಗಂಡಸರ ನಡುವೆ. ಎದುರಿನ ಅಂಗಡಿಯವರು ಬಾಗಿಲಿಗೆ ಬಂದಿದ್ದರು. ಒಬ್ಬ ಫೋನ್ ಎತ್ತಿ ಹಿಡಿದಿದ್ದ. ಓಡಿಹೋಗಬೇಕು ಅನ್ನಿಸಿತು. ಫೈಜಾನನ ತುಟಿ ಕಂಡಿತು.

ಓದಿದೆ. ಕನ್ನಡದಲ್ಲಿ ಹೇಳಿದೆ. ಗರ್ಭ ಇಲ್ಲ. ತೂಕ ನಲವತ್ತೊಂದು. ನಿದ್ದೆ ನಾಲ್ಕು ತಾಸಿಗಿಂತ ಕಡಿಮೆ. ಅದರಿಂದಲೂ, ಸಾಲದ ಊಟದಿಂದಲೂ, ಅತಿ ಪ್ರಾಕ್ಟೀಸಿನಿಂದಲೂ ಮುಟ್ಟು ನಿಂತಿದೆ. 'ಮುಟ್ಟು' ಅನ್ನುವಾಗ ದನಿ ಬರಲಿಲ್ಲ. ಅವ್ವ "ಜೋರಲೇ" ಅಂದಳು. ಮತ್ತೆ ಹೇಳಿದೆ.

ಫೋನ್ ಹಿಡಿದವನು ಕೈ ಇಳಿಸಿದ.

"ಗುಡ್ಡದ ಮ್ಯಾಲಿಂದ ಬಿದ್ದಾಕಿನ್ನ ಮನಿಗೆ ತಂದ ಬಿಟ್ಟಾನ ಈ ಹುಡುಗ" ಅಂದಳು ಅವ್ವ. "ನನ್ನ ತಲಿ ಕೆಟ್ಟಿತ್ತು, ನಿನಗ ಹೇಳಿದೆ. ತಪ್ಪ ನಂದು. ಚಾಚಾಗ ಕೈ ಮುಗಿ."

ಕಾಕಾ ಕೈ ಮುಗಿಯಲಿಲ್ಲ. ತಲೆ ತಗ್ಗಿಸಿ ಹೊರಟ. ಅವ್ವ ಬೆನ್ನ ಹಿಂದಿನಿಂದ ಕೂಗಿದಳು, "ಮತ್ತ ಕೇಳ್ಕೋ. ನಿಮ್ಮ ಅಣ್ಣ ಏಳುತನಕಾ ರಾತ್ರಿ ನೀರ ನೀ ಹಾಯಸಬೇಕು. ನಾ ಮಗಳನ್ನ ಇನ್ನ ಹೊಲಕ್ಕ ಕಳಸೂದಿಲ್ಲ."

ಆಮೇಲೆ ಅವ್ವ ತಾನೇ ಚಾಚಾಗೆ ಕೈ ಮುಗಿದಳು. ಅವರು "ಇರಲಿ ಬಿಡವ್ವಾ, ಇರಲಿ ಬಿಡು" ಅಂದರು. ಸ್ಟೂಲು ಹುಡುಕಿ ಕುಳಿತರು.

ಫೈಜಾನ್ ನನ್ನ ಕಡೆ ನೋಡಲಿಲ್ಲ.


ಫೆಬ್ರವರಿ 10

ಕಾಕಾ ನಿನ್ನೆ ರಾತ್ರಿ ನೀರಿಗೆ ಹೋಗಿದ್ದ. ಬೆಳಿಗ್ಗೆ ಮೋಟಾರಿನ ಕೋಣೆಯ ಕೀಲಿ ಬಾಗಿಲಲ್ಲಿ ಇಟ್ಟು ಹೋದ.


ಫೆಬ್ರವರಿ 15, ಶನಿವಾರ

ಎಂಟೂವರೆಗೆ ಮಲಗಿಸುತ್ತಾರೆ. ಅವ್ವ ಪಕ್ಕದಲ್ಲೇ. ಕಣ್ಣು ಮುಚ್ಚಿದರೆ ಬಜಾರು. ಮುಚ್ಚಿದರೆ ಬೇವಿನ ಗಿಡ, ಆಮೇಲೆ ಬಾಯಲ್ಲಿ ಮಣ್ಣು. ನಿದ್ದೆ ಹತ್ತುವ ಆ ಒಂದು ಕ್ಷಣಕ್ಕೇ ಮೈ ಝಲ್ಲನೆ ಎದ್ದು ಕೂರುತ್ತದೆ — ಇಳಿಜಾರಿನಲ್ಲಿದ್ದೇನೆ ಅಂತ.

ನಿದ್ದೆ ಬೇಕಾದಾಗ ಕೊಡಲಿಲ್ಲ, ಈಗ ಅದು ಬರುತ್ತಿಲ್ಲ. ಮೇಡಂಗೆ ಫೋನ್ ಮಾಡಿದೆ. "ಅಂಜಬ್ಯಾಡ. ದಿನಾ ಅದ ಹೊತ್ತಿಗೆ ಮಲಗು, ಅದ ಹೊತ್ತಿಗೆ ಏಳು. ಮೈ ನಂಬಬೇಕು, ಅದಕ್ಕ ಸ್ವಲ್ಪ ದಿನಾ ಬೇಕು" ಅಂದರು.


ಫೆಬ್ರವರಿ 20, ಗುರುವಾರ

ನಿದ್ದೆ 5.15. ನಾಡಿ 64.

ಭರಮಪ್ಪ ಸರ್ ಮನೆಗೆ ಬಂದಿದ್ದರು. ಅವ್ವ ಚಹಾ ಕೊಟ್ಟು ಒಳಗೆ ಹೋದಳು. ನನ್ನ ನೋಟ್‌ಬುಕ್ ಕೇಳಿದರು. ಡಿಸೆಂಬರಿನಿಂದ ಒಂದೊಂದೇ ಹಾಳೆ ತಿರುವಿದರು. ನಾಡಿಯ ಕಾಲಂ ಮೇಲೆ ಬೆರಳು ಎಳೆಯುತ್ತ ಹೋದರು. 53. 55. 58. 61. 63. ಪ್ರತಿ ವಾರದ ಕೆಳಗೆ ಅವರದೇ ಸಹಿ.

"ದಣಿವು ಇಲ್ಲೇ ಬರದಿತ್ತಲ್ಲ" ಅಂದರು. "ಏರಿದ್ದು ವಾರಾ ವಾರಾ ನೋಡೇನಿ. ನೀ ಮೈಗಳ್ಳಿ ಆಗೀದಿ ಅಂತ ತಿಳದೆ."

ಎಂಟು ಹುಡುಗಿಯರು ಅವರ ಹತ್ತಿರ ಕಲಿಯುತ್ತಾರೆ. ಉಳಿದ ಏಳು ಮಂದಿಯನ್ನು ಏನು ಕೇಳಬೇಕು ಅಂತ ನನ್ನನ್ನು ಕೇಳಿದರು. ಅಷ್ಟು ದೊಡ್ಡವರು ನನ್ನನ್ನು ಕೇಳಿದರು. "ನಿದ್ದಿ ಎಷ್ಟ ಅಂತ ಕೇಳ್ರಿ ಸರ್. ಮುಟ್ಟಿನ ಮಾತ ವಿಜಯಾ ಮೇಡಂ ಕಡೆಯಿಂದ ಕೇಳಸ್ರಿ" ಅಂದೆ. ತಲೆಯಾಡಿಸಿದರು. ಚಹಾ ಅರ್ಧ ಬಿಟ್ಟು ಹೋದರು.


ಮಾರ್ಚ್ 2, ಭಾನುವಾರ

ನಿದ್ದೆ 6.40.

ಈಗ ಅಲ್ಲಿ ಟ್ರಯಲ್ ಶುರುವಾಗಿರುತ್ತದೆ.


ಏಪ್ರಿಲ್ 17, ಗುರುವಾರ. ಬೆಳಿಗ್ಗೆ 6.45

ನಿದ್ದೆ 8.10. ನಾಡಿ 52.

ಬಂತು.

ಬಚ್ಚಲಿನಲ್ಲಿ ಗೋಡೆ ಹಿಡಿದು ನಿಂತೆ. ಹೊಟ್ಟೆ ನೋಯುತ್ತಿದೆ, ಚೆನ್ನಾಗಿಯೇ ನೋಯುತ್ತಿದೆ. ಅವ್ವನಿಗೆ ಹೇಳಿದೆ. ಹಿಟ್ಟಿನ ಕೈಯಲ್ಲೇ ನನ್ನ ಮುಖ ಹಿಡಿದಳು. ಅಪ್ಪ ಕೋಲು ಊರಿಕೊಂಡು ಬಂದು, "ಏನಾತು? ಯಾಕ ಅಳಾಕತ್ತೀರಿ ಇಬ್ಬರೂ?" ಅಂದ.

"ಏನಿಲ್ಲ, ಉಳ್ಳಾಗಡ್ಡಿ" ಅಂದಳು ಅವ್ವ. ಅವಳ ಮುಂದೆ ಇದ್ದದ್ದು ಜೋಳದ ಹಿಟ್ಟು.


ಏಪ್ರಿಲ್ 27, ಭಾನುವಾರ. ರಾತ್ರಿ 8.40

ಬೆಳಿಗ್ಗೆ ಸಪಾಟು ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರು, ಹಗುರವಾಗಿ. ಕಾಲು ಮತ್ತೆ ನನ್ನವು. ಗುಡ್ಡಕ್ಕೆ ಇನ್ನೂ ಹೋಗಿಲ್ಲ. ಹೋಗಬೇಕು.

ಆಮೇಲೆ ಬೈಲಹೊಂಗಲಕ್ಕೆ. ಎರಡೂವರೆ ತಿಂಗಳಾದ ಮೇಲೆ ಮೊದಲ ಸಲ ಅಂಗಡಿಗೆ ಹೋದೆ. ಅವ್ವನೂ ಬಂದಿದ್ದಳು, ಬೇಕಂತಲೇ, ಎಲ್ಲರಿಗೂ ಕಾಣುವ ಹಾಗೆ ಹೊರಗೆ ಸ್ಟೂಲಿನ ಮೇಲೆ ಕುಳಿತಳು.

ಚಾಚಾ ಒಬ್ಬರೇ ಇದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಬ್ರೇಕಿನ ರಬ್ಬರು ಬದಲಿಸಿದರು.

"ಫೈಜಾನ್ ಹ್ಯಾಂಗದಾನ್ರಿ ಚಾಚಾ?"

"ರಾಮದುರ್ಗದಾಗ, ಅವರ ಮಾಮಾನ ಗ್ಯಾರೇಜಿನಾಗ ಅದಾನವ್ವಾ. ಆರಾಮ ಅದಾನ."

"ಯಾವಾಗ ಬರ್ತಾನ್ರಿ?"

ಚಕ್ರ ತಿರುಗಿಸಿ ನೋಡಿದರು.

"ನಾನ ಬರಬ್ಯಾಡ ಅಂದೇನಿ. ಆ ದಿನದ್ದು ಮುಗೀತು, ಖರೆ. ಆದ್ರ ಒಮ್ಮೆ ಮಂದಿ ಕಣ್ಣಿಗೆ ಅಂಗಡಿ ಗುರ್ತಾತಲ್ಲವ್ವಾ." ಆಮೇಲೆ ನನ್ನ ಮುಖ ನೋಡಿ ನಕ್ಕರು. "ನಿನ್ನ ಮಾರಿ ಚಲೋ ಆಗೇತಿ. ನಿದ್ದಿ ಬರತೈತೇನ ಈಗ?"

"ಬರತೈತ್ರಿ. ಎಂಟ ತಾಸು." ಸುಮ್ಮನೆ ಕೇಳಿದೆ, "ನಿಮಗ್ರಿ?"

ಅರಿವೆಯಲ್ಲಿ ಕೈ ಒರೆಸಿಕೊಂಡರು. ಒರೆಸುತ್ತಲೇ ಇದ್ದರು.

"ಯಾವದರ ಗಾಡಿ ಅಂಗಡಿ ಮುಂದ ನಿಂತ್ರ ಎಚ್ಚರ ಆಕ್ಕೈತಿ" ಅಂದರು ಕಡೆಗೆ. "ಮ್ಯಾಲ ಮಲಗತೇನೆಲ್ಲಾ. ರಾತ್ರಿ ಎಷ್ಟ ಗಾಡಿ ಅಡ್ಡಾಡ್ತಾವ ಅಂತ ಈಗ ಗೊತ್ತಾತು."

ವಿಜಯಾ ಮೇಡಂ ಹತ್ತಿರ ಹೋಗಿರಿ ಅಂದೆ. ಹ್ಞೂಂ ಅಂದರು. ಹೋಗುವುದಿಲ್ಲ.

ಅವ್ವ ಲೈಟ್ ಆರಿಸು ಅನ್ನುತ್ತಿದ್ದಾಳೆ. ಒಂಬತ್ತಾಯಿತು. ಕಣ್ಣು ಎಳೆಯುತ್ತಿವೆ, ನಿದ್ದೆ ತಾನಾಗಿಯೇ ಬರುತ್ತಿದೆ, ಒಳ್ಳೆಯ ನಿದ್ದೆ. ಬೈಲಹೊಂಗಲದ ಬಜಾರಿನಲ್ಲಿ, ಅಂಗಡಿಯ ಮೇಲಿನ ಆ ಕೋಣೆಯಲ್ಲಿ, ಚಾಚಾ ಈಗ ಗಾಡಿಗಳನ್ನು ಎಣಿಸುತ್ತ...